4 ವರ್ಷದ ಮಗಳ ಜೊತೆ ವಂಡರ್‌ಲಾ: ಕ್ಯೂನಲ್ಲಿ ಅವಳನ್ನು ಹೇಗೆ ಸುಧಾರಿಸೋದು?

ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಬೆಂಗಳೂರಿನ ವಂಡರ್‌ಲಾಗೆ ಹೋಗೋಣ ಅಂತ ಇದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಪುಟ್ಟಿ. ಪುಟ್ಟಿಗೆ ಈಗ 4 ವರ್ಷ, ಎತ್ತರ 98 ಸೆಂಟಿಮೀಟರ್. ರೈಡ್‌ಗಳ ಬಗ್ಗೆ ನನಗೆ ಭಯ ಇಲ್ಲ. ಭಯ ಇರುವುದು ಕ್ಯೂ ಬಗ್ಗೆ.

ಹೋದ ಬೇಸಿಗೆಯಲ್ಲಿ ಬೇರೆ ಊರಿನ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಪುಟಾಣಿ ರೈಲು ಹತ್ತಬೇಕು ಅಂತ ಒಂದು ವಾರದಿಂದ ಅದೇ ಮಾತು, ರಾತ್ರಿ ಮಲಗುವಾಗಲೂ ಅದೇ. ಬಿಸಿಲಲ್ಲಿ ಸುಮಾರು 40 ನಿಮಿಷ ನಿಂತೆವು. ಮೊದಲ ಹತ್ತು ನಿಮಿಷ ಚೆನ್ನಾಗಿದ್ದಳು, ಆಮೇಲೆ ನೆಲದ ಮೇಲೆ ಕೂತಳು, ಕಂಬಿ ಕೆಳಗೆ ನುಸುಳಿದಳು, ಮುಂದೆ ನಿಂತಿದ್ದವರ ಸೆರಗು ಹಿಡಿದು ಎಳೆದಳು, ಕೊನೆಗೆ ಬೇರೆ ದಾರಿ ಕಾಣದೆ ಮೊಬೈಲ್ ಕೊಟ್ಟೆ. ನಮ್ಮ ಸರದಿ ಬಂದಾಗ ಮೊಬೈಲ್ ಕಿತ್ತುಕೊಳ್ಳಬೇಕಾಯಿತು. ಅಷ್ಟೇ, ಶುರುವಾಯಿತು ಅಳು. ಅಷ್ಟು ಆಸೆಪಟ್ಟ ರೈಲನ್ನು ಹತ್ತಲೇ ಇಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನಿದ್ದೆಗಣ್ಣಲ್ಲಿ "ರೈಲು ಹೋಯ್ತಾ ಅಮ್ಮ?" ಅಂತ ಕೇಳಿದ್ದು ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ಈ ಸಲ ಹಾಗಾಗಬಾರದು. ಏನೇನು ಆಟಿಕೆ ತೆಗೆದುಕೊಂಡು ಹೋಗಬೇಕು? ಮೊಬೈಲ್ ಕೊಡದೆ ಆಗುತ್ತದಾ? ಇನ್ನೊಂದು ವಿಷಯ, ಅತ್ತೆಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅನುಭವ ಇದ್ದವರು ಹೇಳಿ.

ಕೆಂಗೇರಿ ಅಕ್ಕ

ನಿಮ್ಮ ಪುಟ್ಟಿಯ ರೈಲಿನ ಕಥೆ ಓದಿ ಬೇಜಾರಾಯಿತು. ನಾವು ಹತ್ತಿರದಲ್ಲೇ ಇರುವುದರಿಂದ ನನ್ನ ಇಬ್ಬರು ಗಂಡುಮಕ್ಕಳನ್ನು ಐದಾರು ಸಲ ಕರೆದುಕೊಂಡು ಹೋಗಿದ್ದೇನೆ. 2005ರಲ್ಲಿ ವಂಡರ್‌ಲಾ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ, ಗೆಳತಿಯರ ಜೊತೆ ಎಲ್ಲ ದೊಡ್ಡ ರೈಡ್ ಹತ್ತಿ ಬರುತ್ತಿದ್ದೆವು. ಮಕ್ಕಳ ಜೊತೆ ಹೋದರೆ ಅದೇ ಜಾಗ ಬೇರೆ ಥರ ಕಾಣುತ್ತದೆ.

ಆಟಿಕೆಗಿಂತ ಮೊದಲು ಹೇಳಬೇಕಾದದ್ದು: ಕ್ಯೂ ಚಿಕ್ಕದಾಗಿರುವಾಗ ಹೋಗಿ. ದಸರಾ ರಜೆಯಲ್ಲಿ ಹೋಗಲೇಬೇಕು ಅಂದರೆ ಶನಿವಾರ, ಭಾನುವಾರ ಮತ್ತು ಹಬ್ಬದ ದಿನ ಬಿಡಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಬಿಟ್ಟ ಕೂಡಲೇ ಹುಡುಗರೆಲ್ಲ ದೊಡ್ಡ ರೈಡ್‌ಗಳ ಕಡೆ ಓಡುತ್ತಾರೆ, ನೀವು ಸೀದಾ ಮಕ್ಕಳ ರೈಡ್‌ಗಳ ಕಡೆ ಹೋಗಿ. ಮಧ್ಯಾಹ್ನ ನಿಂತು ಕಾಯಬೇಕಾದ ರೈಡನ್ನೇ ಬೆಳಿಗ್ಗೆ ಎರಡು ಸಲ ಹತ್ತಿಸಬಹುದು.

ಮನೆಯಲ್ಲೇ ಅವಳ ಎತ್ತರ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿ. ಅಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85ರಿಂದ 140 ಸೆಂಟಿಮೀಟರ್ ಇದ್ದರೆ ಮಕ್ಕಳ ಟಿಕೆಟ್. ದೊಡ್ಡ ರೈಡ್‌ಗಳಿಗೂ ಎತ್ತರದ ಮಿತಿ ಇದೆ. "ಇದು ನಿನಗೆ, ಅದು ನೀನು ಈ ಗೆರೆ ಮುಟ್ಟಿದಾಗ" ಅಂತ ಮೊದಲೇ ಹೇಳಿದ್ದರೆ ಅಲ್ಲಿ ಹಠ ಇರುವುದಿಲ್ಲ. ಪ್ರತಿ ರೈಡ್‌ನ ಬೋರ್ಡನ್ನು ಕ್ಯೂಗೆ ಸೇರುವ ಮೊದಲೇ ಓದಿ. ಅರ್ಧ ಗಂಟೆ ಕಾದ ಮಗುವನ್ನು ಮುಂದೆ ಹೋದ ಮೇಲೆ ಎತ್ತರ ಸಾಲದು ಅಂತ ವಾಪಸ್ ಕಳಿಸಿದರೆ ಅದಕ್ಕಿಂತ ದೊಡ್ಡ ದುಃಖ ಆ ಮಗುವಿಗೆ ಇನ್ನೊಂದಿಲ್ಲ.

ನೀರಿನ ಆಟಗಳನ್ನು ಕೊನೆಗೆ ಇಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ನೀರಿಗೆ ಇಳಿದ ಮಗು ಒದ್ದೆಯಾಗಿ ಮತ್ತೊಂದು ಕ್ಯೂನಲ್ಲಿ ನಿಂತರೆ ನಡುಗುತ್ತದೆ, ಆಗ ಯಾವ ಆಟಿಕೆಯೂ ಕೆಲಸ ಮಾಡುವುದಿಲ್ಲ. ನೀರಿಗೆ ನೈಲಾನ್ ಬಟ್ಟೆ ಬೇಕು, ಕಾಟನ್ ನಡೆಯುವುದಿಲ್ಲ. ಒಣ ಟವೆಲ್, ಇನ್ನೊಂದು ಜೊತೆ ಬಟ್ಟೆ, ಅಕ್ಟೋಬರ್ ಮಳೆಗೆ ಒಂದು ರೇನ್‌ಕೋಟ್ ಇರಲಿ.

ಬ್ಯಾಗಿನಲ್ಲಿ ನಾನು ಇಡುವುದು ಇಷ್ಟೇ: ಎರಡು ಸ್ಟಿಕ್ಕರ್ ಹಾಳೆ, ಬೆರಳಿಗೆ ಹಾಕುವ ಗೊಂಬೆ, ಅರ್ಧ ಮೀಟರ್ ದಾರ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಇಡುತ್ತೇನೆ. ಬಿಚ್ಚುವುದರಲ್ಲೇ ಐದು ನಿಮಿಷ ಹೋಗುತ್ತದೆ. ಒಂದು ಕ್ಯೂಗೆ ಒಂದೇ ಪೊಟ್ಟಣ, ಎಲ್ಲ ಒಟ್ಟಿಗೆ ಕೊಟ್ಟರೆ ಹತ್ತು ನಿಮಿಷಕ್ಕೆ ಎಲ್ಲವೂ ಹಳತಾಗುತ್ತದೆ. ಕ್ರೇಯಾನ್ ಬೇಡ, ಬಿದ್ದು ಉರುಳುತ್ತವೆ, ಹುಡುಕುತ್ತಾ ಕೂತರೆ ಸಾಲು ಮುಂದೆ ಹೋಗಿರುತ್ತದೆ. ಸೋಪಿನ ಗುಳ್ಳೆ ಊದುವುದೂ ಬೇಡ, ಪಕ್ಕದವರ ಕಣ್ಣಿಗೆ ಹೋಗುತ್ತದೆ.

ಮತ್ತೆ, ಪ್ರತಿ ಕ್ಯೂಗೆ ಮೊದಲು ಟಾಯ್ಲೆಟ್. "ಬರ್ತಿಲ್ಲ" ಅಂದರೂ ಕರೆದುಕೊಂಡು ಹೋಗಿ.

ಬಾಲವಾಡಿ ಟೀಚರ್

ಅಕ್ಕ ಹೇಳಿದ್ದೆಲ್ಲ ಸರಿ. ನಾನು 18 ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆ ಇದ್ದೇನೆ, ಮಗುವಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

"ಇನ್ನು ಹತ್ತು ನಿಮಿಷ ಪುಟ್ಟಿ" ಅಂದರೆ ಅವಳಿಗೆ ಏನೂ ಅರ್ಥ ಆಗುವುದಿಲ್ಲ. ಗಡಿಯಾರದ ಹೊತ್ತು ಇನ್ನೂ ಅವಳ ತಲೆಯಲ್ಲಿ ಇಲ್ಲ. ಕಣ್ಣಿಗೆ ಕಾಣುವ ಹಾಗೆ ಹೇಳಿ. "ಆ ಕೆಂಪು ಟೋಪಿ ಅಣ್ಣ ಇದಾನಲ್ಲ, ಅವನು ಹತ್ತಿ ಇಳಿದ ಮೇಲೆ ನಮ್ಮ ಸರದಿ." ಆಮೇಲೆ ಅವಳೇ ಕೆಂಪು ಟೋಪಿಯನ್ನು ಕಾಯುತ್ತಾಳೆ. ರೈಡ್ ಎಷ್ಟು ಸುತ್ತು ಹೋಯಿತು ಅಂತ ಬೆರಳು ಮಡಚಿ ಎಣಿಸಲಿ. ಯಾಕೆ ನಿಂತಿದೆ ಅನ್ನುವುದನ್ನೂ ಹೇಳಿ: "ಈಗ ಅವರಿಗೆಲ್ಲ ಬೆಲ್ಟ್ ಹಾಕ್ತಿದಾರೆ, ಆಮೇಲೆ ಗಂಟೆ ಹೊಡಿತಾರೆ." 1985ರಲ್ಲಿ ಡೇವಿಡ್ ಮೈಸ್ಟರ್ ಅನ್ನುವವರು ಸಾಲಿನಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದಾಗ ಇದನ್ನೇ ಹೇಳಿದ್ದರು. ಸುಮ್ನೆ ನಿಂತ ಹೊತ್ತು ಉದ್ದ ಅನಿಸುತ್ತದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಇನ್ನೂ ಉದ್ದ, ಕಾರಣ ಗೊತ್ತಿಲ್ಲದಿದ್ದರೆ ಅದಕ್ಕಿಂತ ಉದ್ದ. ಅವರು ಬರೆದದ್ದು ದೊಡ್ಡವರ ಬಗ್ಗೆ, ಮಕ್ಕಳಿಗೆ ಅದು ಇನ್ನೂ ಜಾಸ್ತಿ ಹೊಂದುತ್ತದೆ.

ಆಟಕ್ಕೆ ಸಾಮಾನು ಬೇಕಿಲ್ಲ. ಅವಳ ಬೆನ್ನ ಮೇಲೆ ಬೆರಳಿನಿಂದ "ಅ" ಬರೆಯಿರಿ, ಯಾವ ಅಕ್ಷರ ಅಂತ ಹೇಳಲಿ, ಆಮೇಲೆ ಅವಳು ನಿಮ್ಮ ಬೆನ್ನ ಮೇಲೆ ಬರೆಯಲಿ. ಕಚಗುಳಿ ಆಗುತ್ತದೆ, ನಗುತ್ತಾರೆ, ಎರಡು ಮೂರು ಅಕ್ಷರವೂ ಕಲಿಯುತ್ತಾರೆ. ಒಗಟು ಹೇಳಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಲ್ಲಿಗೆ. "ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಅಂದರೆ ಮೊಟ್ಟೆ. ಉತ್ತರ ಗೊತ್ತಾದ ಮೇಲೂ ಮಕ್ಕಳು ಅದನ್ನೇ ಹತ್ತು ಸಲ ಕೇಳಿಸಿಕೊಳ್ಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ನೆಲಕ್ಕೆ ಟೈಲ್ಸ್ ಹಾಕಿದ್ದರೆ ಗೆರೆ ಮುಟ್ಟದೆ ಕುಪ್ಪಳಿಸಲಿ. ನಿಂತಲ್ಲೇ ನಿಲ್ಲುವುದು ಆ ಕಾಲುಗಳಿಗೆ ನಿಜವಾಗಲೂ ಕಷ್ಟ, ಅವಳು ಕಂಬಿ ಕೆಳಗೆ ನುಸುಳಿದ್ದು ತುಂಟತನ ಅಲ್ಲ.

ಮೊಬೈಲ್ ಮಾತ್ರ ಬೇಡ ಅಂತೀನಿ. 2ರಿಂದ 4 ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದಕ್ಕಿಂತ ಮುಖ್ಯ, ನಿಮಗೇ ಆದ ಅನುಭವ. ಕೊಡುವುದು ಸುಲಭ, ಸರದಿ ಬಂದಾಗ ವಾಪಸ್ ತೆಗೆದುಕೊಳ್ಳುವುದೇ ಕಷ್ಟ.

ಫ್ಲೋರಿಡಾ ಕನ್ನಡಿಗ

ನಾನು ಶಿವಮೊಗ್ಗದವನು, ಈಗ ಟ್ಯಾಂಪಾದಲ್ಲಿದ್ದೇನೆ. ಒರ್ಲಾಂಡೊ ಹತ್ತಿರ ಇರುವುದರಿಂದ ಊರಿಂದ ಯಾರು ಬಂದರೂ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬರುತ್ತದೆ. ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿ ಡಂಬೊ ಅನ್ನುವ ಆನೆ ರೈಡ್ ಇದೆ, ಪುಟ್ಟ ಮಕ್ಕಳಿಗೇ ಮಾಡಿದ್ದು. 2012ರಲ್ಲಿ ಅದರ ಕ್ಯೂ ಒಳಗೇ ಒಂದು ಆಟದ ಜಾಗ ಕಟ್ಟಿದರು. ಅಪ್ಪ ಅಮ್ಮನ ಕೈಗೆ ಒಂದು ಪೇಜರ್ ಕೊಡುತ್ತಿದ್ದರು, ಮಕ್ಕಳು ಜಾರುಬಂಡೆ ಆಡುತ್ತಿರುತ್ತಿದ್ದರು, ಸರದಿ ಬಂದಾಗ ಅದು ಸದ್ದು ಮಾಡುತ್ತಿತ್ತು. ಮಗುವನ್ನು ಸುಮ್ಮನೆ ನಿಲ್ಲಿಸುವುದು ಆಗದ ಮಾತು ಅಂತ ಒಪ್ಪಿಕೊಂಡು ಮಾಡಿದ ವ್ಯವಸ್ಥೆ ಅದು. ನನಗೆ ತುಂಬಾ ಇಷ್ಟವಾಗಿತ್ತು.

ಅಲ್ಲಿ ಇನ್ನೊಂದು ಪದ್ಧತಿಯೂ ಇದೆ. ಎತ್ತರ ಸಾಲದ ಮಗುವಿನ ಜೊತೆ ಒಬ್ಬರು ಹೊರಗೆ ಉಳಿಯುತ್ತಾರೆ, ಇನ್ನೊಬ್ಬರು ರೈಡ್ ಮುಗಿಸಿ ಬಂದ ಮೇಲೆ ಇವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಾಗಿಲ್ಲ. ನೀವು ಹೋಗುವ ಕಡೆ ಇಂಥ ಅನುಕೂಲ ಇದೆಯಾ ಅಂತ ಬಾಗಿಲಲ್ಲೇ ಕೇಳಿ, ಕೇಳಿದರೆ ನಷ್ಟ ಇಲ್ಲ.

ಮೊಬೈಲ್ ವಿಷಯದಲ್ಲಿ ಮಾತ್ರ ಟೀಚರ್ ಮೇಡಂ, ನನ್ನದು ಸ್ವಲ್ಪ ಬೇರೆ ಮಾತು. ಕಾರ್ಟೂನ್ ಬೇಡ, ಒಪ್ಪಿದೆ. ಆದರೆ ಕ್ಯಾಮೆರಾ ಕೊಡಬಹುದು. "ಐದು ಹಳದಿ ವಸ್ತುವಿನ ಫೋಟೋ ತೆಗಿ" ಅಂತ ನನ್ನ ಮಗನಿಗೆ ಹೇಳುತ್ತಿದ್ದೆ. ಐದು ಆದ ಮೇಲೆ ಫೋನ್ ವಾಪಸ್ ಬರುತ್ತಿತ್ತು, ಯಾಕೆಂದರೆ ಆ ಆಟಕ್ಕೆ ಒಂದು ಕೊನೆ ಇದೆ. ಕಾರ್ಟೂನಿಗೆ ಕೊನೆಯೇ ಇಲ್ಲ, ಒಂದು ಮುಗಿದರೆ ಇನ್ನೊಂದು.

ಬಾಲವಾಡಿ ಟೀಚರ್

ಕೊನೆ ಇರುವ ಆಟ ಅಂದಿರಲ್ಲ, ಅದು ಒಳ್ಳೆಯ ಮಾತು. ಫೋನ್ ನಿಮ್ಮ ಕೈಯಲ್ಲೇ ಇರಲಿ, ಅವಳು ಬೆರಳು ಒತ್ತಲಿ. ಅಷ್ಟಾದರೆ ನಾನೂ ಒಪ್ಪುತ್ತೇನೆ.

ಹುಬ್ಬಳ್ಳಿ ಅಜ್ಜಿ

ತಂಗಿ, ನಾನು ಇಂಥ ಪಾರ್ಕು ಅಂತ ಹೋದವಳಲ್ಲ. ಆದರೆ ಐದು ಮೊಮ್ಮಕ್ಕಳನ್ನು ಕಟ್ಟಿಕೊಂಡು ತಿರುಮಲದ ಪಾಳಿಯಲ್ಲಿ ಕಾದಿದ್ದೇನೆ. ವೈಕುಂಠಂ ಕಾಂಪ್ಲೆಕ್ಸಿನ ಕಂಪಾರ್ಟ್‌ಮೆಂಟ್ ಒಳಗೆ ಒಂದು ಸಲ ಕೂತರೆ ಬಾಗಿಲು ಯಾವಾಗ ತೆಗೆಯುತ್ತಾರೋ ನೋಡುತ್ತಾ ಇರಬೇಕು. ಅಲ್ಲಿ ಮಕ್ಕಳಿಗೆ ಹಾಲು ಕೊಡುತ್ತಾರೆ, ಕೂರಲು ಜಾಗ ಇದೆ, ಆದರೂ ತಾಸುಗಟ್ಟಲೆ ಅಂದರೆ ಮಕ್ಕಳಿಗೆ ಆಗುವ ಮಾತಲ್ಲ.

ನಾನು ಮಾಡಿದ್ದು ಒಂದೇ. ಕಥೆ ಶುರು ಮಾಡುವಾಗ ಒಂದು ಕರಾರು: ಪಾಳಿ ಮುಂದೆ ಸರಿದರೆ ಮಾತ್ರ ಕಥೆಯೂ ಮುಂದೆ ಸರಿಯುತ್ತದೆ. ನರಿ ಬಾವಿ ಹತ್ತಿರ ಬಂತು, ಬಗ್ಗಿ ನೋಡಿತು, ಒಳಗೆ... ಅಂತ ನಿಲ್ಲಿಸಿಬಿಡುವುದು. ಸಾಲು ನಿಂತಾಗ ನರಿಯೂ ಅಲ್ಲೇ ನಿಲ್ಲುತ್ತದೆ. ಆಗ ಮಕ್ಕಳು ಸುಮ್ಮನೆ ಇರುವುದಿಲ್ಲ, ಬಾವಿಯಲ್ಲಿ ಏನಿರಬಹುದು ಅಂತ ತಾವೇ ಹೇಳಲು ಶುರು ಮಾಡುತ್ತಾರೆ. ಒಬ್ಬ ಮೊಸಳೆ ಅಂದ, ಒಬ್ಬಳು ಚಂದ್ರ ಅಂದಳು, ಚಿಕ್ಕವನು ಲಾಡು ಅಂದ. ನಾಲ್ಕು ಹೆಜ್ಜೆ ಸರಿದ ಕೂಡಲೇ "ಅಜ್ಜಿ, ಸರಿದೆವು, ಹೇಳು" ಅಂತ ಸೆರಗು ಜಗ್ಗುತ್ತಿದ್ದರು.

ನಿಮ್ಮ ಅತ್ತೆಯವರು ಬರುತ್ತಾರಲ್ಲ, ಅವರಿಗೆ ಈ ಕೆಲಸ ಒಪ್ಪಿಸಿ. ಅವರ ಹತ್ತಿರ ಇರುವಷ್ಟು ಕಥೆ ನಮ್ಮ ನಿಮ್ಮ ಹತ್ತಿರ ಇರುವುದಿಲ್ಲ. ಕ್ಯೂ ಉದ್ದ ಇದ್ದರೆ ಅವರು ಮಗುವನ್ನು ಕರೆದುಕೊಂಡು ನೆರಳಿನ ಬೆಂಚಿನ ಮೇಲೆ ಕೂರಲಿ, ನೀವಿಬ್ಬರು ನಿಂತಿರಿ, ಹತ್ತಿರ ಬಂದಾಗ ಕರೆಯಿರಿ. ಆದರೆ ಹಿಂದೆ ನಿಂತವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ, "ಮಗು ಅಲ್ಲಿ ಅಜ್ಜಿ ಹತ್ತಿರ ಕೂತಿದೆ, ಆಮೇಲೆ ಬರುತ್ತದೆ" ಅಂತ. ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಹೇಳದೆ ನುಗ್ಗಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ಅವರೂ ಮಕ್ಕಳನ್ನು ಕಟ್ಟಿಕೊಂಡೇ ನಿಂತಿರುತ್ತಾರೆ.

ಮಂಡ್ಯದ ಅಮ್ಮ

ಅಜ್ಜಿ, ಅಕ್ಕ, ಟೀಚರ್, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಮನೆಯಿಂದ ತಿಂಡಿ ತರಬಹುದಾ? ಪುಟ್ಟಿ ಹಸಿದರೆ ಬೇರೆಯೇ ಮಗು ಆಗುತ್ತಾಳೆ. ಮತ್ತೆ ಕ್ಯೂನಲ್ಲಿ ಜಾಸ್ತಿ ಕಾಯದೆ ಬೇಗ ಹತ್ತಲು ಅಂತ ಕೊಡುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಲೇಬೇಕಾ?

ಕೆಂಗೇರಿ ಅಕ್ಕ

ಹೊರಗಿನ ಊಟ ತಿಂಡಿ ಒಳಗೆ ಬಿಡುವುದಿಲ್ಲ. ಚಿಕ್ಕ ಮಗುವಿಗೆ ಏನಾದರೂ ಬೇಕೇ ಬೇಕು ಅಂದರೆ ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ನೀವು ಮಂಡ್ಯದಿಂದ ಬರುವವರು, ನಿಮಗೆ ಬಿಡದಿ ಮೊದಲು ಸಿಗುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲೇ ಬಂದರೆ ಊರು ಪಕ್ಕದಲ್ಲೇ ಉಳಿದುಬಿಡುತ್ತದೆ, ಅದಕ್ಕೆ ಮೊದಲೇ ಹಳೆ ರಸ್ತೆಗೆ ಇಳಿದು ಬಿಸಿ ತಟ್ಟೆ ಇಡ್ಲಿ ತಿನ್ನಿಸಿಕೊಂಡು ಬನ್ನಿ. ಹೊಟ್ಟೆ ತುಂಬಿದ ಮಗು ಬೆಳಗಿನ ಮೊದಲ ಎರಡು ಮೂರು ಕ್ಯೂ ಆರಾಮಾಗಿ ದಾಟುತ್ತದೆ.

ಫಾಸ್ಟ್‌ಟ್ರ್ಯಾಕ್ ಬಗ್ಗೆ ನನ್ನ ಅಭಿಪ್ರಾಯ: ಈ ಸಲ ಬೇಡ. ಬೆಲೆ ಜಾಸ್ತಿ, ಅದರ ಉಪಯೋಗ ಇರುವುದು ದೊಡ್ಡ ರೈಡ್ ಹತ್ತುವವರಿಗೆ. ನೀವು ಇಡೀ ದಿನ ಇರುವುದು ಮಕ್ಕಳ ರೈಡ್ ಹತ್ತಿರ. ಆ ದುಡ್ಡಿಗೆ ಸಂಜೆ ಅವಳಿಗೆ ಇಷ್ಟವಾದದ್ದು ಕೊಡಿಸಿ.

ಮರೆತಿದ್ದೆ, ಬೆಳಿಗ್ಗೆ ಬಾಗಿಲಲ್ಲಿ ಅವಳ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆ ದಿನದ ಬಟ್ಟೆಯಲ್ಲಿ. ತೋಳಿನ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ನೀರಿಗೆ ಇಳಿದು ಬಂದ ಮೇಲೆ ಮತ್ತೆ ಬರೆಯಬೇಕು.

ಮಂಡ್ಯದ ಅಮ್ಮ

ಇವತ್ತು ಸಂಜೆ ಅತ್ತೆ ಮತ್ತು ಪುಟ್ಟಿ ರೇಷನ್ ಅಂಗಡಿಗೆ ಹೋಗಿದ್ದರು, ಅಲ್ಲಿ ಒಳ್ಳೆ ಉದ್ದ ಸಾಲು. ಅಜ್ಜಿ ಹೇಳಿದ ಕರಾರು ಅತ್ತೆಗೆ ಮೊದಲೇ ಓದಿ ಹೇಳಿದ್ದೆ. ಅತ್ತೆ ಹುಲಿ ಮತ್ತು ಮುದುಕಿಯ ಕಥೆ ಶುರು ಮಾಡಿ, ಹುಲಿ ಬಾಗಿಲು ಬಡಿಯುವ ಹೊತ್ತಿಗೆ ನಿಲ್ಲಿಸಿದರಂತೆ. ಹಿಂದೆ ನಿಂತಿದ್ದ ಇನ್ನೆರಡು ಮಕ್ಕಳೂ ಕೇಳಲು ಬಂದರಂತೆ. ಅಂಗಡಿಯವರು ಇವರ ಚೀಟಿ ಕೂಗಿದಾಗ ಹುಲಿ ಇನ್ನೂ ಬಾಗಿಲಲ್ಲೇ ಇತ್ತು. ಪುಟ್ಟಿ ಅಕ್ಕಿ ಚೀಲ ಹಿಡಿದುಕೊಂಡು "ಅಜ್ಜಿ, ಇನ್ನೊಂದು ಸಲ ಹಿಂದೆ ಹೋಗಿ ನಿಲ್ಲೋಣ" ಅಂದಳಂತೆ.

ಮಂಗಳವಾರ ಹೊರಡುತ್ತಿದ್ದೇವೆ. ಅತ್ತೆ ಈಗಲೇ ಕಥೆಗಳನ್ನು ನೆನಪು ಮಾಡಿಕೊಳ್ಳುತ್ತಾ ಕೂತಿದ್ದಾರೆ.