ಹಳೆಯ ಬುಲೆಟ್‌ನ ಪ್ರೈಮರಿ ಚೈನ್: ಮನೆಯಲ್ಲೇ ಬದಲಿಸಿದವರ ಅನುಭವ

ಪ್ರಶ್ನೆ, ಪುಣೆಯ ಕೋಥ್ರೂಡ್‌ನಿಂದ: ನನ್ನದು 1998ರ ಬುಲೆಟ್ 350, ಗೇರ್ ಬಲಗಾಲಿಗೂ ಬ್ರೇಕ್ ಎಡಗಾಲಿಗೂ ಇರುವ ಹಳೆಯ ಗಾಡಿ. ವರ್ಷಕ್ಕೆರಡು ಬಾರಿ ಅದರಲ್ಲೇ ಧಾರವಾಡಕ್ಕೆ ಹೋಗಿಬರುತ್ತೇನೆ. ಈ ಸಲ ಖಂಬಾಟ್ಕಿ ಘಾಟ್ ದಾಟಿದ ಮೇಲೆ ಎಡಗಡೆಯ ಕವರಿನೊಳಗೆ ಪ್ರೈಮರಿ ಚೈನ್ (ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಚೈನ್) ಬಡಿಯುವ ಸದ್ದು ಶುರುವಾಗಿದೆ. ಅದನ್ನು ಬಿಗಿಮಾಡುವ ಟೆನ್ಶನರ್ ಆಗಲೇ ಕೊನೆಮುಟ್ಟಿದೆ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನೇ ಈ ಚೈನನ್ನು ಬದಲಿಸಬಹುದೇ?

ಧನಕವಡಿಯಿಂದ: ಖಂಡಿತ ಬದಲಿಸಬಹುದು ಸರ್. ಒಂದು ಭಾನುವಾರದ ಈ ಕೆಲಸಕ್ಕೆ ನಾನು ಎರಡು ಭಾನುವಾರ ತೆಗೆದುಕೊಂಡೆ, ಕಾರಣ ಬಿಚ್ಚುವ ಕ್ರಮದಲ್ಲಿ ಮಾಡಿದ ತಪ್ಪು. ಮಧ್ಯದ ಒಂದೇ ನಟ್ಟನ್ನು ಬಿಚ್ಚಿದರೆ ಕವರ್ ಬರುತ್ತದೆ, ಜೊತೆಗೆ ಎಣ್ಣೆಯೂ ಸುರಿಯುತ್ತದೆ. ಅಗಲವಾದ ತಟ್ಟೆಯನ್ನು ಮೊದಲೇ ಇಡಿ, ಇಲ್ಲವಾದರೆ ಸೊಸೈಟಿಯ ಕಾರ್ಯದರ್ಶಿಗಳ ಜೊತೆ ಮಾತು ಬೆಳೆಯುತ್ತದೆ. ನಂತರ ಆಲ್ಟರ್ನೇಟರ್‌ನ (ವಿದ್ಯುತ್ ಉತ್ಪಾದಿಸುವ ಭಾಗ) ತಿರುಗದ ಸುರುಳಿಭಾಗವಾದ ಸ್ಟೇಟರ್ ತೆಗೆದು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಬ್ರೇಕನ್ನು ಯಾರಿಂದಲಾದರೂ ಒತ್ತಿಹಿಡಿಸಿ, ಅದರೊಳಗೆ ತಿರುಗುವ ರೋಟರ್‌ನ ನಟ್ಟನ್ನು ಸಡಿಲಿಸಬೇಕು. ಕ್ಲಚ್ ಸ್ಪ್ರಿಂಗುಗಳಿಗೆ ಅಲ್ಲಿಯವರೆಗೂ ಕೈ ಹಚ್ಚಬೇಡಿ. ನಾನು ಸ್ಪ್ರಿಂಗುಗಳನ್ನೇ ಮೊದಲು ತೆಗೆದೆ. ಪ್ಲೇಟುಗಳ ಹಿಡಿತ ಹೋದ ಮೇಲೆ ಬ್ರೇಕ್ ಎಷ್ಟು ಒತ್ತಿದರೂ ಕ್ಲಚ್ ಡ್ರಮ್ ಸುಮ್ಮನೆ ತಿರುಗುತ್ತಿತ್ತು, ರೋಟರ್ ನಟ್ಟು ಜಗ್ಗಲಿಲ್ಲ.

ಈ ಚೈನಿಗೆ ಬಿಚ್ಚುವ ಲಿಂಕ್ ಇಲ್ಲದ್ದರಿಂದ ಎಂಜಿನ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ), ಚೈನ್, ಕ್ಲಚ್ ಡ್ರಮ್ ಮೂರನ್ನೂ ಒಟ್ಟಾಗಿಯೇ ಹೊರಗೆಳೆಯಬೇಕು, ಒಟ್ಟಾಗಿಯೇ ಕೂರಿಸಬೇಕು. ಸ್ಪ್ರಾಕೆಟ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟದೆ ಪುಲ್ಲರ್ (ಹೊರಗೆಳೆಯುವ ಸಾಧನ) ಬಳಸಿ. ಹೊಸ ಚೈನಿನ ಸಡಿಲವನ್ನು ಒಂದೇ ಕಡೆ ನೋಡಿ ತೃಪ್ತರಾಗಬೇಡಿ. ಎಂಜಿನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಸುಮಾರು 6 ಮಿ.ಮೀ. ಆಟ ಉಳಿಯುವಂತೆ ಟೆನ್ಶನರ್ ಹೊಂದಿಸಿ. ಸ್ಟೇಟರ್ ಮರಳಿ ಹಾಕುವಾಗ ರೋಟರ್ ಸುತ್ತಲೂ 0.2 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ಓಡಾಡಬೇಕು.

ಚೆಂಬೂರಿನಿಂದ: ಚೈನ್ ಮಾತ್ರ ಬದಲಿಸಿ ನಾನು ಕೈ ಸುಟ್ಟುಕೊಂಡಿದ್ದೇನೆ. ಸ್ಪ್ರಾಕೆಟ್‌ನ ಹಲ್ಲು ಕೊಕ್ಕೆಯಂತೆ ಬಾಗಿತ್ತು, ಇನ್ನೊಂದಿಷ್ಟು ದಿನ ನಡೆದೀತು ಎಂದುಕೊಂಡೆ. ವರ್ಷ ತುಂಬುವ ಮೊದಲೇ ಅದೇ ಸದ್ದು ಮರಳಿತು. ಡ್ರಮ್ಮನ್ನು ಕೈಯಿಂದ ಅಲ್ಲಾಡಿಸಿ ನೋಡುವುದನ್ನೂ ಮರೆಯಬೇಡಿ. ಬಿಡಿಭಾಗ ಕೊಳ್ಳಲು ಪುಣೆಯ ನಾನಾ ಪೇಠ್‌ಗೆ ಹೋಗುವಾಗ ಹಳೆಯ ಭಾಗಗಳನ್ನು ಚೀಲದಲ್ಲಿ ಒಯ್ದು, ಹಲ್ಲುಗಳನ್ನು ಎಣಿಸಿ ಹೋಲಿಸಿಕೊಂಡೇ ಹಣ ಕೊಡಿ.

ಮಡಗಾವಿನಿಂದ: ನಮ್ಮಲ್ಲಿ ಮಳೆಗಾಲ ಮುಗಿದೊಡನೆ ನಾನು ಪ್ರೈಮರಿಯ ಎಣ್ಣೆ ನೋಡುತ್ತೇನೆ. ಈ ಗಾಡಿಯಲ್ಲಿ ಅದು ಎಂಜಿನ್ ಎಣ್ಣೆಯಿಂದ ಬೇರೆಯಾದ್ದರಿಂದ ಎಂಜಿನ್ನಿನ ಎಣ್ಣೆ ಎಷ್ಟೇ ಶುದ್ಧವಿದ್ದರೂ ಇದು ಹಾಲು ಬೆರೆಸಿದಂತೆ ಬೆಳ್ಳಗಾಗಿರಬಹುದು; ಅದು ನೀರು ಸೇರಿದ ಲಕ್ಷಣ. ಎಣ್ಣೆ ಸೋರುತ್ತದೆಂದು ಕವರಿನ ನಟ್ಟನ್ನು ಬಲವಾಗಿ ಬಿಗಿಯಬೇಡಿ. ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ, ನನ್ನ ಮೊದಲ ಕವರ್ ಹಾಗೆಯೇ ಹಾಳಾಯಿತು. ಸೀಲ್ ಹೊಸದು ಹಾಕಿ.

ಕೋಥ್ರೂಡ್: ಎಲ್ಲರಿಗೂ ಧನ್ಯವಾದ. ಇಂದು ಕವರ್ ತೆಗೆದು ನೋಡಿದೆ. ಹಲ್ಲುಗಳು ಬಾಗಿವೆ, ಡ್ರಮ್ ಕೂಡ ಅಲ್ಲಾಡುತ್ತಿದೆ. ರೋಟರ್ ನಟ್ಟು ಮಗ ಬ್ರೇಕ್ ಒತ್ತಿಹಿಡಿದಾಗ ಎರಡನೇ ಯತ್ನಕ್ಕೇ ಸಡಿಲಾಯಿತು. ಸ್ಪ್ರಿಂಗುಗಳನ್ನು ಇನ್ನೂ ಮುಟ್ಟಿಲ್ಲ.