ಬೈಕಿನ ಮುಂದಿನ ಶಾಕ್‌ನ ಆಯಿಲ್ ಮನೆಯಲ್ಲೇ ಬದಲಿಸುವವರ ಗ್ರೂಪ್‌ನ ಪ್ರಶ್ನೋತ್ತರ

ಮೆಕ್ಯಾನಿಕ್: ಇವತ್ತು ಗ್ಯಾರೇಜ್ ರಜೆ. ಮುಂದಿನ ಫೋರ್ಕ್, ಅಂದರೆ ಚಕ್ರದ ಎರಡೂ ಬದಿಯ ಶಾಕ್ ಕಾಲುಗಳ ಬಗ್ಗೆ ಏನಿದ್ದರೂ ಕೇಳಿ. ಗಾಡಿ ಯಾವುದು, ಎಷ್ಟು ಓಡಿದೆ ಅಂತ ಬರೆಯಿರಿ.

ತುಮಕೂರು ಸದಸ್ಯ: ಸರ್, ಸ್ಪ್ಲೆಂಡರ್. ಒಂದೊಂದು ಕಾಲಿಗೆ ಎಷ್ಟು ಎಂಎಲ್?

ಮೆಕ್ಯಾನಿಕ್: ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ನೋಡಿ. ಬರೀ ಇಳಿಸಿ ತುಂಬುವುದಕ್ಕೆ ಒಂದು ಲೆಕ್ಕ, ಪೂರ್ತಿ ಬಿಚ್ಚಿ ತೊಳೆದರೆ ಇನ್ನೊಂದು. ಎರಡೂ ಕಾಲಿಗೆ ಸಮ ಇರಬೇಕು.

ಮೂಡಿಗೆರೆ ಸದಸ್ಯ: ಅಣ್ಣಾ, 150 ಸಿಸಿ ಗಾಡಿ, 48,000 ಕಿ.ಮೀ. ಬ್ರೇಕ್ ಹಿಡಿದರೆ ಮುಂದೆ ಧೊಪ್ಪನೆ ಕೂರುತ್ತದೆ. ಬ್ರೇಕ್ ಡಿಸ್ಕ್ ಇರುವ ಕಡೆಯ ಫೋರ್ಕ್ ಪೈಪ್ ಯಾವಾಗಲೂ ಒದ್ದೆ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಎಂಜಿನ್ ಆಯಿಲ್ ತುಂಬಿ, ಸ್ಪ್ರಿಂಗ್ ಮೇಲೆ ಎರಡು ನಾಣ್ಯ ಇಟ್ಟು ಕೊಟ್ಟರು. ಭಾನುವಾರ ಹೆಂಡತಿ, ಮಗು ಜೊತೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಅಷ್ಟರಲ್ಲಿ ನಾನೇ ಆಯಿಲ್ ಬದಲಿಸಲಾ?

ಮೆಕ್ಯಾನಿಕ್: ತಮ್ಮಾ, ಭಾನುವಾರ ಬಸ್ಸಿನಲ್ಲಿ ಹೋಗು. ಗಾಡಿ ಬೇಡ. ಘಾಟಿ ಇಳಿಯುವಾಗ ಮೂರೂ ಜನರ ಭಾರ ಮುಂದಿನ ಚಕ್ರದ ಮೇಲೆ ಬರುತ್ತದೆ. ಸೋರಿದ ಆಯಿಲ್ ಡಿಸ್ಕ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಮೊದಲು ಬ್ರೇಕ್ ಪ್ಯಾಡ್ ನೋಡು. ಆಯಿಲ್ ಕುಡಿದಿದ್ದರೆ ಹೊಸದು ಹಾಕು, ತೊಳೆದು ಬಳಸಬೇಡ. ಡಿಸ್ಕ್ ಅನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸು.

ನಾಣ್ಯ ಇಟ್ಟರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ. ಮುಂಭಾಗ ಸ್ವಲ್ಪ ಎತ್ತರ ಆಗುತ್ತದೆ ಅಷ್ಟೇ. ತೆಗೆದುಬಿಡು.

ಕೆಲಸ ಹೀಗೆ ಮಾಡು. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ಎತ್ತು. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿಯುವ ಭಾಗ) ಬಿಚ್ಚಿ ತಂತಿಯಲ್ಲಿ ಕಟ್ಟು, ಬ್ರೇಕ್ ಹೋಸ್ ಮೇಲೆ ಜೋತುಬೀಳಬಾರದು. ಆಮೇಲೆ ಬ್ರೇಕ್ ಲಿವರ್ ಒತ್ತಬೇಡ, ಪಿಸ್ಟನ್ ಹೊರಗೆ ಬರುತ್ತದೆ. ಮೇಲಿನ ಕ್ಲಾಂಪ್ ಬೋಲ್ಟ್ ಮಾತ್ರ ಸಡಿಲಿಸಿ, ಪೈಪ್ ಇನ್ನೂ ಕೆಳಗಿನ ಕ್ಲಾಂಪ್‌ನಲ್ಲಿ ಬಿಗಿಯಾಗಿ ಇರುವಾಗಲೇ ಪೈಪ್ ತುದಿಯ ಕ್ಯಾಪ್ ಅರ್ಧ ಸುತ್ತು ಬಿಚ್ಚು. ಆಮೇಲೆ ಚಕ್ರ, ಪೈಪ್ ಹೊರತೆಗೆದು ಕ್ಯಾಪ್ ಪೂರ್ತಿ ಬಿಚ್ಚುವಾಗ, ಕೊನೆಯ ಎಳೆಗಳಲ್ಲಿ ಅದನ್ನು ಅಂಗೈಯಿಂದ ಒತ್ತಿ ಹಿಡಿ. ಸ್ಪ್ರಿಂಗ್ ಒತ್ತಡದಿಂದ ಹಾರುತ್ತದೆ, ಮುಖ ಅದರ ನೇರಕ್ಕೆ ಇಡಬೇಡ.

ಆಯಿಲ್ ಇಳಿಸಿದ ಮೇಲೆ ಪೈಪ್ ಮೇಲೆ ಉಗುರು ಎಳೆದು ನೋಡು. ತುಕ್ಕಿನ ಗುಳಿ ಸಿಕ್ಕಿದರೆ ಹೊಸ ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಕೂಡ ಬೇಗ ಕೊಯ್ದು ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ ನನಗೆ ಫೋಟೋ ಹಾಕು. ಪೈಪ್ ಚೆನ್ನಾಗಿದ್ದರೆ ಸೀಲ್ ಬದಲಿಸಿ, ಹೊಸ ಫೋರ್ಕ್ ಆಯಿಲ್ ಹಾಕಿ, ಹತ್ತು ಸಲ ಪಂಪ್ ಮಾಡು. ಸ್ಪ್ರಿಂಗ್ ಹೊರಗಿಟ್ಟು, ಪೈಪ್ ಪೂರ್ತಿ ಒತ್ತಿ, ಬಾಯಿಂದ ಆಯಿಲ್ ತನಕ ಸ್ಟೀಲ್ ಸ್ಕೇಲ್‌ನಲ್ಲಿ ಅಳತೆ ತೆಗೆ. ಎರಡೂ ಕಡೆ ಒಂದೇ ಅಳತೆ. ಜಾಸ್ತಿ ತುಂಬಿದರೆ ಒಳಗಿನ ಗಾಳಿಗೆ ಜಾಗ ಇರುವುದಿಲ್ಲ, ಸೀಲ್ ಮತ್ತೆ ಒಡೆಯುತ್ತದೆ.

ಶಿರಸಿ ಸದಸ್ಯ: ಫಾರ್ವರ್ಡ್ ಬಂದಿತ್ತು: ‘ಸೋರುವ ಫೋರ್ಕ್‌ಗೆ ಎರಡು ಚಮಚ ಹರಳೆಣ್ಣೆ ಹಾಕಿ, ಸೀಲ್ ತಾನೇ ಊದಿ ಮುಚ್ಚಿಕೊಳ್ಳುತ್ತದೆ.’

ಮೆಕ್ಯಾನಿಕ್: ಹಾಕಬೇಡಿ. ಸವೆದ ಸೀಲ್‌ನ ತುಟಿ ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ. ಇಂಥದ್ದನ್ನು ದಯವಿಟ್ಟು ಇಲ್ಲಿ ಹಂಚಬೇಡಿ, ಯಾರಾದರೂ ಮಾಡಿಬಿಡುತ್ತಾರೆ.

ಮಂಡ್ಯ ಸದಸ್ಯ: ನಾನು ಹತ್ತು ವರ್ಷದಿಂದ 20ಡಬ್ಲ್ಯೂ-40 ಎಂಜಿನ್ ಆಯಿಲ್ಲೇ ಹಾಕುತ್ತಿದ್ದೇನೆ. ಏನೂ ಆಗಿಲ್ಲ.

ಬೆಂಗಳೂರು ಸದಸ್ಯ: ನಿಮ್ಮ ಮುಂದಿನ ಶಾಕ್ ಕಬ್ಬಿಣದ ಸರಳಿನ ಥರ ಇರಬೇಕು. 5ಡಬ್ಲ್ಯೂ, ಅಂದರೆ ತೆಳು ಫೋರ್ಕ್ ಆಯಿಲ್ ಹಾಕಿ, ಬೆಣ್ಣೆ ಥರ ಓಡುತ್ತೆ.

ಮಂಡ್ಯ ಸದಸ್ಯ: ಬೆಣ್ಣೆ ಥರ ಓಡಿಸಿ ಹಳ್ಳಕ್ಕೆ ಬೀಳಿ. ಲೋಡ್ ಹಾಕಿ ಓಡಿಸಿದವರಿಗೆ ಗೊತ್ತು.

ಬೆಂಗಳೂರು ಸದಸ್ಯ: ಸ್ವಾಮಿ, ಇದು ಎತ್ತಿನ ಗಾಡಿ ಗ್ರೂಪ್ ಅಲ್ಲ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. 10ಡಬ್ಲ್ಯೂ ಫೋರ್ಕ್ ಆಯಿಲ್ 40 ಡಿಗ್ರಿಯಲ್ಲಿ ಸಾಮಾನ್ಯವಾಗಿ 30ರ ಆಸುಪಾಸು ಸೆಂಟಿಸ್ಟೋಕ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ). 20ಡಬ್ಲ್ಯೂ-40 ನೂರು ದಾಟುತ್ತದೆ. ದಪ್ಪ ಆಯಿಲ್ ಫೋರ್ಕ್ ಒಳಗಿನ ಸಣ್ಣ ತೂತಿನಿಂದ ಬೇಗ ಹೋಗಲ್ಲ, ಗುಂಡಿ ಸಿಕ್ಕಾಗ ಹೊಡೆತ ನೇರ ಕೈಗೆ ಬರುತ್ತದೆ. ತೀರಾ ತೆಳು ಆದರೆ ಗಾಡಿ ಕುಣಿಯುತ್ತದೆ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರ 10ಡಬ್ಲ್ಯೂ ಅಷ್ಟೇ ದಪ್ಪ ಇರಬೇಕು ಅಂತಲೂ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿ.

ಹಾಸನ ಸದಸ್ಯ: ನನ್ನ 150ಕ್ಕೆ ಯುಎಸ್‌ಡಿ (ತಲೆಕೆಳಗಾಗಿ ಕೂರುವ) ಫೋರ್ಕ್ ಕೂರಿಸಬಹುದಾ?

ಮೆಕ್ಯಾನಿಕ್: ಬೇಡ. ಟಿ (ಫೋರ್ಕ್ ಹಿಡಿಯುವ ಕ್ಲಾಂಪ್), ಆಕ್ಸಲ್, ಕ್ಯಾಲಿಪರ್ ಎಲ್ಲ ಬದಲಾಗುತ್ತದೆ, ಗಾಡಿ ತಿರುಗುವ ರೀತಿಯೂ ಬದಲಾಗುತ್ತದೆ. ನೀವು ಕೂತಾಗ ಫೋರ್ಕ್ ಎಷ್ಟು ಕುಸಿಯುತ್ತದೆ ಅಳೆಯಿರಿ. ಫೋರ್ಕ್ ಕುಸಿಯಬಲ್ಲ ಒಟ್ಟು ದೂರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಹುಡುಕಿ.

ದಾವಣಗೆರೆ ಸದಸ್ಯ: ಸರ್ ಸ್ಪ್ಲೆಂಡರ್‌ಗೆ ಎಷ್ಟು ಎಂಎಲ್?

ಮೆಕ್ಯಾನಿಕ್: ಮೇಲೆ ಓದಿ.

ಹುಬ್ಬಳ್ಳಿ ಸದಸ್ಯ: ಹುಬ್ಬಳ್ಳಿಯಲ್ಲಿ ಪೈಪ್‌ಗೆ ಹಾರ್ಡ್ ಕ್ರೋಮ್ ಮಾಡುವವರು ಯಾರಿದ್ದಾರೆ?

ಮಂಡ್ಯ ಸದಸ್ಯ: ಎತ್ತಿನ ಗಾಡಿ ಅಂದವರು ಕ್ಷಮೆ ಕೇಳಬೇಕು. ಅಡ್ಮಿನ್ ಎಲ್ಲಿ?

ಮೂಡಿಗೆರೆ ಸದಸ್ಯ: ಅಣ್ಣಾ, ಬಿಚ್ಚಿದೆ. ಒಂದು ಕಾಲಿನಿಂದ 90 ಎಂಎಲ್ ಬಂತು, ಇನ್ನೊಂದರಿಂದ 210. ಪೈಪ್ ಮೇಲೆ ಉಗುರು ಸಿಕ್ಕಿಕೊಳ್ಳುತ್ತಿದೆ. ಫೋಟೋ ಹಾಕಿದ್ದೇನೆ. ಪ್ಯಾಡ್ ಕೂಡ ಒದ್ದೆ.

ಮೆಕ್ಯಾನಿಕ್: ನೋಡಿದೆ. ಗುಳಿ ಸೀಲ್ ಓಡಾಡುವ ಜಾಗದಲ್ಲೇ ಇದೆ, ಉಜ್ಜಿದರೆ ಹೋಗಲ್ಲ. ಪೈಪ್ ಬದಲಿಸಲೇಬೇಕು. ಎರಡೂ ಸೀಲ್, ಪ್ಯಾಡ್ ಹೊಸದು ತಗೋ. ಅಲ್ಲಿಯ ತನಕ ಚಕ್ರ ಹಾಕಲೇಬೇಡ. ಬಸ್ ಟಿಕೆಟ್ ಮಾಡಿಸಿದೆಯಾ?

ಮೂಡಿಗೆರೆ ಸದಸ್ಯ: ಮಾಡಿಸಿದೆ ಅಣ್ಣಾ.

ಕೋಲಾರ ಸದಸ್ಯ: ಸ್ಪ್ಲೆಂಡರ್‌ಗೆ ಎಷ್ಟು ಎಂಎಲ್ ಸರ್?