ಕಾರವಾರ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮದರ್‌ಬೋರ್ಡೇ ಹೋಯಿತಾ?

ಕಾಳಿದಂಡೆ

ಆರು ವರ್ಷದ ಡೆಸ್ಕ್‌ಟಾಪ್. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮನೆ ಬೈತಖೋಲ ಬದಿಗೆ, ಕಂಪ್ಯೂಟರ್ ಇಟ್ಟ ಕೋಣೆಯ ಕಿಟಕಿ ಸಮುದ್ರಕ್ಕೇ ಮುಖ. ಮಳೆ ಹಿಡಿದ ಮೇಲೆ ಹತ್ತು ದಿನ ಪ್ಲಾಸ್ಟಿಕ್ ಹೊದೆಸಿ ಇಟ್ಟಿತ್ತು. ಈಗ ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ದೀಪ ಹತ್ತುವುದಿಲ್ಲ, ಮಾನಿಟರ್‌ನಲ್ಲಿ 'ನೋ ಸಿಗ್ನಲ್'. ಅದಕ್ಕೂ ಮೊದಲು ಒಂದು ತಿಂಗಳಿಂದ ಆನ್ ಮಾಡಿದಾಗೆಲ್ಲ ತಾರೀಖು ಹಿಂದಕ್ಕೆ ಹೋಗಿರುತ್ತಿತ್ತು. ರಿಪೇರಿಯವರು ಬಿಚ್ಚಿ ನೋಡದೆಯೇ ಬೋರ್ಡ್ ಬದಲಿಸಬೇಕು ಅಂದರು. ಅಂಗಡಿ ಲೆಕ್ಕವೆಲ್ಲ ಅದರೊಳಗಿದೆ. ದುಡ್ಡು ಹಾಕುವ ಮೊದಲು ಮನೆಯಲ್ಲೇ ಏನು ಪರೀಕ್ಷೆ ಮಾಡಬಹುದು? ಮಲ್ಟಿಮೀಟರ್ ಇದೆ.

ಬೆಸುಗೆಕಡ್ಡಿ

ಬಿಚ್ಚದೆ ಬೋರ್ಡ್ ಹೋಗಿದೆ ಅಂತ ಯಾರೂ ಹೇಳಲಿಕ್ಕೆ ಆಗುವುದಿಲ್ಲ ಸರ್. ನೀವು ಹೇಳಿದ ಲಕ್ಷಣಕ್ಕೆ ಮೊದಲ ಅನುಮಾನ ರ‍್ಯಾಮ್‌ನ ಕಾಲುಗಳ (ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ) ಮೇಲೆ, ಎರಡನೆಯದು ಸಿಮೋಸ್ ಸೆಲ್ (ಬೋರ್ಡಿನ ಗಡಿಯಾರ ನಡೆಸುವ ಸಣ್ಣ ಬ್ಯಾಟರಿ) ಮೇಲೆ.

ಪವರ್ ಕೇಬಲ್ಲನ್ನು ಗೋಡೆಯಿಂದಲೇ ಕಿತ್ತು, ಕ್ಯಾಬಿನೆಟ್‌ನ ಸ್ವಿಚ್ಚನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯಬೇಕು. ಬೋರ್ಡ್ ಮೇಲೆ ಸಣ್ಣ ದೀಪ ಇದ್ದರೆ ಅದು ಆರುವ ತನಕ ಯಾವುದನ್ನೂ ಮುಟ್ಟಬೇಡಿ.

ತಾರೀಖು ಹಿಂದೆ ಹೋಗುವುದಕ್ಕೆ ಕಾರಣ ಸೆಲ್. ಎಂಟಾಣೆ ಗಾತ್ರದ ಸಿಆರ್2032, ಹೊಸತಿದ್ದರೆ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಸೆಲ್ ತೆಗೆದಾಗ ಅದು ಕೂರುವ ತಗಡಿನ ಹಿಡಿಕೆ ನೋಡಿ: ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಸಮುದ್ರದ ಗಾಳಿ ಒಳಗೆ ಬಂದಿದೆ ಎಂದೇ ಲೆಕ್ಕ. ಅದೇ ಪುಡಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ರ‍್ಯಾಮ್ ಸ್ಲಾಟ್‌ನೊಳಗೂ ಇರುತ್ತದೆ.

ಈಗ ಮುಖ್ಯ ಪರೀಕ್ಷೆ. ಎರಡೂ ರ‍್ಯಾಮ್ ತೆಗೆದುಹಾಕಿ, ಸ್ಪೀಕರ್ ಎಂದು ಬರೆದ 4 ಪಿನ್‌ಗೆ ಸಣ್ಣ ಬಜರ್ ಸಿಕ್ಕಿಸಿ ಆನ್ ಮಾಡಿ. ರ‍್ಯಾಮ್ ಇಲ್ಲವೆಂದು ಬೀಪ್ ಕೂಗಿದರೆ ಪ್ರೊಸೆಸರೂ ಬಯಾಸೂ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಬದುಕಿವೆ, ಬೋರ್ಡ್ ಬಹುಮಟ್ಟಿಗೆ ಸರಿ ಇದೆ. ಕೆಲವು ಬೋರ್ಡ್‌ಗಳಲ್ಲಿ ಬಜರ್ ಬದಲು ಡಿರ‍್ಯಾಮ್ ಎಂದು ಬರೆದ ದೀಪ ಹತ್ತುತ್ತದೆ, ಅರ್ಥ ಒಂದೇ. ಎಷ್ಟು ಬೀಪ್‌ಗೆ ಏನರ್ಥ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನೆಟ್‌ನಲ್ಲಿ ಸಿಕ್ಕ ಪಟ್ಟಿ ನಂಬದೆ ನಿಮ್ಮ ಬೋರ್ಡಿನ ಪುಸ್ತಕ ನೋಡಿ.

ಬೀಪ್ ಬಂತು ಅಂತಾದರೆ ಮತ್ತೆ ಕೇಬಲ್ ಕಿತ್ತು ರ‍್ಯಾಮ್ ಒರೆಸಿ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಅಷ್ಟು ಸಾಕು. ಕಲೆ ಹೋಗದಿದ್ದರೆ ಮಾತ್ರ ಬಿಳಿ ಮೆತ್ತನೆ ರಬ್ಬರಿನಿಂದ ಕಾಲಿನ ಉದ್ದಕ್ಕೆ, ಹಗುರವಾಗಿ, ಎರಡು ಮೂರು ಸಲ ಉಜ್ಜಿ. ಆಮೇಲೆ ರಬ್ಬರಿನ ಪುಡಿ ಉಳಿಯದಂತೆ ಇನ್ನೊಮ್ಮೆ ಆಲ್ಕೊಹಾಲ್. ಮರಳು ಕಾಗದ ಮುಟ್ಟಿಸಲೇಬೇಡಿ. ಆ ಚಿನ್ನದ ಲೇಪ ಬಹಳ ತೆಳು, ಅದು ಹೋಗಿ ಕೆಳಗಿನ ನಿಕ್ಕಲ್, ತಾಮ್ರ ಹೊರಬಂದರೆ ಬರುವ ಮಳೆಗಾಲದಲ್ಲಿ ಇದಕ್ಕಿಂತ ಬೇಗ ಕಿಲುಬು ಹಿಡಿಯುತ್ತದೆ. ಸ್ಲಾಟ್‌ಗೆ ಮೆತ್ತನೆ ಬ್ರಶ್ ಅದ್ದಿ ಆಡಿಸಿ, 20 ನಿಮಿಷ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎರಡೂ ಇವೆ.

ಹಾಕುವಾಗ ಒಂದೇ ರ‍್ಯಾಮ್ ಹಾಕಿ. ಎರಡು ಕಡ್ಡಿ, ಎರಡು ಸ್ಲಾಟ್ ಆದರೆ ನಾಲ್ಕು ಜೋಡಣೆ. ನಾಲ್ಕನ್ನೂ ಮಾಡಿ ಬರೆದಿಡಿ. ಎರಡೂ ತುದಿಯಲ್ಲಿ ಕ್ಲಿಪ್ ಟಕ್ ಅನ್ನಬೇಕು. ಸೆಲ್ ತೆಗೆದ ಮೇಲಿನ ಮೊದಲ ಸ್ಟಾರ್ಟ್ ನಿಧಾನ, ಎರಡು ನಿಮಿಷ ಕಾಯದೆ ಆಫ್ ಮಾಡಬೇಡಿ.

ಅರಬೈಲ್ ತಿರುವು

ಬೀಪೂ ಬರಲಿಲ್ಲ ಅಂದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಅಳೆಯಿರಿ. ಸಿಸ್ಟಮ್ ಆನ್ ಇರುವಾಗಲೇ ಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ವಯರಿಗೆ, ಕೆಂಪು ಕಡ್ಡಿಯನ್ನು ಹಳದಿ ವಯರಿಗೆ ಇಟ್ಟರೆ 11.4ರಿಂದ 12.6, ಕೆಂಪು ವಯರಿನಲ್ಲಿ 4.75ರಿಂದ 5.25. ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಸಪ್ಲೈ ಸರಿ ಅಂತಲ್ಲ, 12 ವೋಲ್ಟ್ ಇದ್ದು 5 ಬಿದ್ದಿದ್ದರೂ ಫ್ಯಾನ್ ತಿರುಗುತ್ತದೆ. ಡಬ್ಬಿ ಮಾತ್ರ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ನಿಂತಿರುತ್ತದೆ.

ಅಂಕೋಲೆ ಮೇಲೆ ಹುಬ್ಬಳ್ಳಿಗೆ ಒಯ್ಯುವುದಾದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಕಳಚಿ ಮನೆಯಲ್ಲೇ ಇಡಿ. ಬೋರ್ಡ್ ಪರೀಕ್ಷೆಗೆ ಅದು ಬೇಕಾಗಿಲ್ಲ, ಲೆಕ್ಕದ ಫೈಲ್ ನಿಮ್ಮ ಕೈಯಲ್ಲಿರಲಿ. ಕ್ಯಾಬಿನೆಟ್ ಅಡ್ಡ ಮಲಗಿಸಿ, ಬೋರ್ಡ್ ತಳದಲ್ಲಿ ಬರುವ ಹಾಗೆ. ನಿಲ್ಲಿಸಿ ಒಯ್ದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಪ್ರೊಸೆಸರ್ ಮೇಲಿನ ಕೂಲರ್ ಜಗ್ಗುತ್ತದೆ.

ಕಾಳಿದಂಡೆ

ಬೀಪ್ ಬಂತು! ಸೆಲ್ 2.3 ವೋಲ್ಟ್ ಇತ್ತು, ಹೊಸದು ಹಾಕಿದೆ. ಪ್ರೊಸೆಸರ್ ಹತ್ತಿರದ ಸ್ಲಾಟ್‌ನಲ್ಲಿ ಎರಡೂ ರ‍್ಯಾಮ್ ನಡೆಯುತ್ತವೆ, ಇನ್ನೊಂದು ಸ್ಲಾಟ್‌ನಲ್ಲಿ ಯಾವುದೂ ಇಲ್ಲ. ಸದ್ಯ 8 ಜಿಬಿಯಲ್ಲಿ ವಿಂಡೋಸ್ ಬಂದಿದೆ. ತುಂಬ ಉಪಕಾರ ಆಯಿತು. ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿಯಬಹುದಾ?

ಬೆಸುಗೆಕಡ್ಡಿ

ಮೊದಲು ಲೆಕ್ಕದ ಫೈಲ್ ಪೆನ್‌ಡ್ರೈವ್‌ಗೆ ಇಳಿಸಿ, ಉಳಿದದ್ದೆಲ್ಲ ಆಮೇಲೆ. ಡ್ರೈಯರ್ ಬೇಡ, ಬಿಸಿ ಗಾಳಿ ಸ್ಲಾಟಿನ ಪ್ಲಾಸ್ಟಿಕ್ ಸೊಟ್ಟ ಮಾಡಬಹುದು, ಉಪ್ಪನ್ನಂತೂ ತೆಗೆಯುವುದಿಲ್ಲ. ಆ ಸ್ಲಾಟನ್ನು ಟಾರ್ಚ್ ಹಿಡಿದು ನೋಡಿ: ಬಾಗಿದ ತಂತಿ ಇಲ್ಲದಿದ್ದರೆ ಇನ್ನೆರಡು ಸಲ ಬ್ರಶ್ ಮಾಡಿ, ರ‍್ಯಾಮನ್ನು ಏಳೆಂಟು ಬಾರಿ ಹಾಕಿ ತೆಗೆಯಿರಿ. ಆ ತಿಕ್ಕಾಟಕ್ಕೇ ಸಂಪರ್ಕ ಮರಳುವುದುಂಟು. ಬಾರದಿದ್ದರೆ 16 ಜಿಬಿಯ ಒಂದೇ ರ‍್ಯಾಮ್ ಹಾಕಿ. ಲೆಕ್ಕದ ಕೆಲಸಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ.

ಘಟ್ಟದ ಮೇಲಿನವ, ಶಿರಸಿ

ಕಾರಣ ಸರಿಪಡಿಸದಿದ್ದರೆ ಮುಂದಿನ ಜೂನ್‌ಗೆ ಇದೇ ಕತೆ. ನಮ್ಮಲ್ಲಿ ಬರಿ ಥಂಡಿ, ಬೂಷ್ಟು. ನಿಮ್ಮಲ್ಲಿ ಅದರ ಜೊತೆಗೆ ಉಪ್ಪು. ಗಾಳಿಯ ತೇವ 75 ಪ್ರತಿಶತ ದಾಟಿದರೆ ಉಪ್ಪಿನ ಕಣ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವುದೂ ಇದಕ್ಕೇ. ಬೋರ್ಡ್ ಮೇಲೆ ಆ ಪಸೆ ಕರೆಂಟ್ ಹರಿಸುತ್ತದೆ, ಲೋಹ ತಿನ್ನುತ್ತದೆ.

ಆದ್ದರಿಂದ ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ತೆಳು ಹತ್ತಿ ಬಟ್ಟೆ ಸಾಕು, ಅದೂ ಆಫ್ ಇರುವಾಗ. ಸಮುದ್ರದ ಕಿಟಕಿಯಿಂದ ದೂರ, ನೆಲದಿಂದ ಮೇಲೆ, ಚಿರೆಕಲ್ಲಿನ ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ದಿನಾ ಒಂದೆರಡು ತಾಸು ಆನ್ ಮಾಡುವುದು: ಒಳಗೆ ಬೆಚ್ಚಗಾದರೆ ಪಸೆ ಕೂರುವುದಿಲ್ಲ. ತೆರೆದ ಕ್ಯಾಬಿನೆಟ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು ದಂಡ, ಅದು ಗಾಳಿಯಾಡದ ಡಬ್ಬಿಗೆ ಮಾತ್ರ. ಬಿಡಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್ ಅಂಥ ಡಬ್ಬಿಯಲ್ಲಿ ಇಡಿ. ನಮ್ಮ ಕಡೆ ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಡ್ರೈಯರ್ ಪಕ್ಕದಲ್ಲೋ ಸಾಮಾನು ಇಡುವವರಿದ್ದಾರೆ. ಕಂಪ್ಯೂಟರ್ ಮಾತ್ರ ಬೇಡವೇ ಬೇಡ, ಮಸಿ ಫ್ಯಾನಿಗೆ ಅಂಟಿ ಧೂಳು ಹಿಡಿಯುತ್ತದೆ.

ಮೀಟರ್ ಕೈಯಲ್ಲಿದ್ದಾಗಲೇ ಸಾಕೆಟ್‌ನ ಅರ್ಥಿಂಗೂ ನೋಡಿಬಿಡಿ ಮಾರಾಯ್ರೆ. ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ 230 ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ಥ್ ಕಡಿದಿದೆ. ಕರಾವಳಿಯಲ್ಲಿ ಅರ್ಥ್ ಪೈಪಿನ ಕ್ಲ್ಯಾಂಪ್, ನಟ್ ತುಕ್ಕು ಹಿಡಿದು ಸಂಪರ್ಕ ತಪ್ಪುವುದೇ ಹೆಚ್ಚು, ಅಲ್ಲಿಂದ ಹುಡುಕಲು ಶುರು ಮಾಡಿ. ಗುಡುಗು ಕೇಳಿದ ಕೂಡಲೇ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಫೈಬರ್ ಎಳೆಯಲ್ಲಿ ಕರೆಂಟ್ ಬರುವುದಿಲ್ಲ ನಿಜ, ಆದರೆ ಮೋಡೆಮ್‌ನ ಅಡಾಪ್ಟರ್‌ನಿಂದ ಲ್ಯಾನ್ ದಾರಿಯಾಗಿ ಬೋರ್ಡಿಗೆ ಬರುತ್ತದೆ.